ಗೃಹೋಪಯೋಗಕ್ಕೆ ತಕ್ಕ ಧ್ವನಿಗ್ರಾಹಕ

ಕಳೆದ ಕೆಲವು ವರ್ಷಗಳಿಂದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ನಮಗೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆಯು ಪದೇಪದೇ ಕಾಣಿಸಿಕೊಳ್ಳುತ್ತಿದೆ. ಮನೆಯಲ್ಲಿ ಧ್ವನಿಯನ್ನು ಮುದ್ರಿಸಿಕೊಳ್ಳುವುದಕ್ಕೆ ಎಂತಹ ಮೈಕನ್ನು ಕೊಳ್ಳಬೇಕು ಎಂಬುದೇ ಆ ಪ್ರಶ್ನೆ. ಒಬ್ಬಾಕೆಗೆ ವೃದ್ಧೆಯಾದ ತಾಯಿಯ ಹಾಡುಗಳನ್ನು ಹಿಡಿದಿಡಬೇಕಾಗಿದೆ. ಇನ್ನೊಬ್ಬಾಕೆಯು ಮನೆಯಲ್ಲಿಯೇ ಕುಳಿತು ದೂರದೂರಿನ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮತ್ತೊಬ್ಬಾಕೆಗೆ ಪರದೇಶದಲ್ಲಿರುವ ಮೊಮ್ಮಕ್ಕಳಿಗಾಗಿ ಕಥೆಗಳನ್ನು ಓದಿ ಕಳುಹಿಸುವ ಆಸೆ. ಈಗ ಓದುತ್ತಿರುವ ಬಾಲಿಕೆಯರ ತಾಯಿತಂದೆಗಳು ಸಹ ಇದನ್ನೇ ಕೇಳಿರುವರು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರವನ್ನು ಬರೆಯುವುದಕ್ಕಿಂತಲೂ ಈ ಸಂಚಿಕೆಯಲ್ಲಿ ವಿಷಯವನ್ನು ಪಾಠರೂಪವಾಗಿ ವಿವರಿಸುವುದು ಮೇಲೆಂದು ನಮಗೆ ತೋರಿತು. ನಾವು ಯಂತ್ರಶಾಸ್ತ್ರವನ್ನು ಬಲ್ಲವರಲ್ಲ. ಆದರೆ ಮಕ್ಕಳ ಉಚ್ಚಾರಣೆಯನ್ನು ತಿದ್ದುವುದರಲ್ಲಿ ಇಪ್ಪತ್ತು ವರ್ಷಗಳಿಗೆ ಮೇಲ್ಪಟ್ಟು ಕಳೆದ ಕಿವಿಗೆ ಈ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ ಉಂಟು.

ಬೆಲೆ ಹೆಚ್ಚಾದಷ್ಟೂ ಮೈಕು ಒಳ್ಳೆಯದು ಎಂಬ ನಂಬಿಕೆಯು ಬಹುಜನರಲ್ಲಿ ಬೇರೂರಿದೆ. ಇದರಿಂದ ಆಗುವ ನಷ್ಟವು ಹಣದ್ದು ಮಾತ್ರವಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯ ಹಾಡುಗಳಿಗೋಸ್ಕರ ದುಬಾರಿಯಾದ ಕಂಡೆನ್ಸರ್ ಮೈಕೊಂದನ್ನು ತರಿಸಿ, ನಡುಮನೆಯ ಮೇಜಿನ ಮೇಲಿಟ್ಟು, ಎದುರು ಗೋಡೆಗೆ ಒರಗಿ ಕುಳಿತಿದ್ದ ತಾಯಿಯಿಂದ ಎರಡು ಗಂಟೆಗಳ ಕಾಲ ಹಾಡಿಸಿದಳು. ಅದನ್ನು ಆಗಲೇ ಕೇಳಿ ನೋಡಲಿಲ್ಲ. ಮೂರು ತಿಂಗಳ ಮೇಲೆ ತಾಯಿಯು ತೀರಿಕೊಂಡಳು. ಆ ಬಳಿಕ ಕೇಳಿದಾಗ ಫ್ಯಾನಿನ ಗಾಳಿ, ಬೀದಿಯ ವಾಹನಗಳು, ನೆರೆಮನೆಯ ಮಿಕ್ಸಿ ಇವೆಲ್ಲವೂ ಸ್ಪಷ್ಟವಾಗಿದ್ದುವು. ತಾಯಿಯ ಧ್ವನಿ ಮಾತ್ರ ಬಾವಿಯೊಳಗಿನಿಂದ ಬಂದಂತಿತ್ತು. ಹಾಡಿನ ಮಾತುಗಳಲ್ಲಿ ಅರ್ಧದಷ್ಟು ತಿಳಿಯುತ್ತಿರಲಿಲ್ಲ. ಮೈಕು ಕೆಟ್ಟದ್ದಾಗಿರಲಿಲ್ಲ, ಆ ಕೆಲಸಕ್ಕೆ ಅದು ತಕ್ಕದ್ದಾಗಿರಲಿಲ್ಲ, ಇಟ್ಟ ಸ್ಥಳವೂ ತಕ್ಕದ್ದಾಗಿರಲಿಲ್ಲ.

ಇದರ ಕಾರಣವನ್ನು ತಿಳಿಯಬೇಕಾದರೆ ಸಾವನದುರ್ಗವನ್ನು ನೆನಪಿಗೆ ತಂದುಕೊಳ್ಳಿರಿ. ಮಾಗಡಿಗೆ ಸಮೀಪದಲ್ಲಿರುವ ಈ ಬೆಟ್ಟಕ್ಕೆ ವಿಹಾರಾರ್ಥವಾಗಿ ನಮ್ಮೊಡನೆ ಬಂದವರು ನಿಮ್ಮಲ್ಲಿ ಅನೇಕರಿರುವಿರಿ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಭಾಗಗಳಿಂದ ಕೂಡಿ, ಸಮುದ್ರಮಟ್ಟದಿಂದ ೧,೨೨೬ ಮೀಟರುಗಳ ಎತ್ತರಕ್ಕೆ ಏರಿರುವ ಈ ಗ್ರಾನೈಟ್ ಬಂಡೆಯು ಏಷ್ಯಾ ಖಂಡದ ಅತಿ ದೊಡ್ಡ ಏಕಶಿಲೆಗಳಲ್ಲೊಂದೆಂದು ಹೆಸರಾಗಿದೆ. ಬಂಡೆಗೆ ಎದುರಾಗಿ ನಿಂತು ಒಬ್ಬಳು ಗೆಳತಿಯ ಹೆಸರನ್ನು ಕೂಗಿದರೆ ಬಂಡೆಯೂ ಅದೇ ಹೆಸರನ್ನು ಕೂಗುವುದಷ್ಟೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರುಗಳಂತೆ ಚಲಿಸುತ್ತದೆ. ಬಂಡೆಯು ೧೭ ಮೀಟರುಗಳಿಗಿಂತ ದೂರದಲ್ಲಿದ್ದರೆ ಹೋಗಿ ಬರುವುದಕ್ಕೆ ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಹಿಡಿಯುವುದರಿಂದ, ಕೂಗೂ ಮಾರ್ದನಿಯೂ ಬೇರೆ ಬೇರೆಯಾಗಿ ಕೇಳಿಸುತ್ತವೆ.

ಮನೆಯ ಕೋಣೆಯಲ್ಲಿಯೂ ನಡೆಯುವುದು ಇದೇ. ಆದರೆ ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ಗೋಡೆಯು ಆರು ಅಡಿ ದೂರದಲ್ಲಿರುವುದರಿಂದ ಮಾರ್ದನಿಯು ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿಯೇ ಮರಳಿ ಬಂದು ಮೂಲಧ್ವನಿಯೊಡನೆ ಬೆರೆತುಹೋಗುತ್ತದೆ. ಮತ್ತೆ ಎದುರು ಗೋಡೆಗೆ, ಛಾವಣಿಗೆ, ನೆಲಕ್ಕೆ ಬಡಿದು ಬರುತ್ತಲೇ ಇರುತ್ತದೆ. ನಮ್ಮ ಸೀಮೆಯ ಮನೆಗಳಲ್ಲಿ ನೆಲಕ್ಕೆ ಕಲ್ಲುಚಪ್ಪಡಿ, ಮೇಲೆ ಕಾಂಕ್ರೀಟು, ಸುತ್ತಲೂ ನುಣುಪಾದ ಗಿಲಾವು. ಒಂದರ್ಥದಲ್ಲಿ ಸಾವನದುರ್ಗವು ನಮ್ಮ ನಡುಮನೆಯಲ್ಲಿಯೇ ಇದೆ. ನಾವು ಎದುರುಬದುರಾಗಿ ಮಾತನಾಡುವಾಗ ನಮ್ಮ ಎರಡು ಕಿವಿಗಳೂ ಬುದ್ಧಿಯೂ ಸೇರಿ ಈ ಮಾರ್ದನಿಯನ್ನು ಬದಿಗೆ ಸರಿಸಿ ಮಾತನ್ನು ಮಾತ್ರ ಆರಿಸಿಕೊಳ್ಳುತ್ತವೆ. ಮೈಕಿಗೆ ಅಂತಹ ವಿವೇಕವಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡೋಣ. ಬಾಯಿಂದ ಹೊರಟ ಧ್ವನಿಯು ದೂರವು ಇಮ್ಮಡಿಯಾದರೆ ಶಕ್ತಿಯಲ್ಲಿ ಕಾಲುಭಾಗವಾಗುತ್ತದೆ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಅಂದರೆ ಮಾರಿಗೆ ಎಂಟು ಗೇಣು. ಮೈಕನ್ನು ಒಂದು ಮಾರು ದೂರದಿಂದ ತಂದು ಒಂದು ಗೇಣಿನಲ್ಲಿಟ್ಟರೆ ನೇರವಾಗಿ ಬಂದು ತಲಪುವ ಧ್ವನಿಯ ಶಕ್ತಿಯು ಎಂಟೆಂಟ್ಲ ಅರವತ್ತನಾಲ್ಕು ಪಾಲು ಹೆಚ್ಚುತ್ತದೆ. ಗೋಡೆಗಳಿಂದ ಮರಳಿದ ಶಬ್ದವಾದರೋ ಕೋಣೆಯ ಎಲ್ಲೆಡೆಯಲ್ಲಿಯೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿರುತ್ತದೆ. ಆದ ಕಾರಣ ಮನೆಯ ಮಟ್ಟಿಗೆ ತಕ್ಕ ಮೈಕು ಯಾವುದೆಂದರೆ, ಮಾತನಾಡುವವರ ಬಾಯಿಗೆ ಒಂದು ಗೇಣಿನೊಳಗೆ ಅವರಿಗೆ ಉಪದ್ರವವಾಗದಂತೆ ಇರಿಸಲು ಸಾಧ್ಯವಾದುದು. ಜಾತಿ, ಬೆಲೆ, ಕಂಪೆನಿ ಇವೆಲ್ಲ ಆ ಮೇಲಿನ ಮಾತು.

ಇನ್ನು ಜಾತಿಗಳ ವಿಚಾರ. ಎಲ್ಲ ಮೈಕುಗಳಲ್ಲಿಯೂ ಗಾಳಿಯ ಕಂಪನಕ್ಕೆ ನಡುಗುವ ತೆಳುವಾದ ಪೊರೆಯೊಂದಿರುತ್ತದೆ. ಆ ನಡುಕವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಬಗೆಯಲ್ಲಿ ಭೇದ. ಡೈನಾಮಿಕ್ ಎಂಬುದರಲ್ಲಿ ಪೊರೆಗೆ ತಂತಿಯ ಸುರುಳಿಯೊಂದನ್ನು ಅಂಟಿಸಿ ಅಯಸ್ಕಾಂತದ ನಡುವೆ ಇರಿಸಿರುತ್ತಾರೆ. ಸೈಕಲ್ಲಿನ ಡೈನಮೋವಿನ ತತ್ತ್ವವೇ ಇದು. ಇದಕ್ಕೆ ಹೊರಗಿನ ವಿದ್ಯುತ್ತು ಬೇಡ. ಕೆಳಗೆ ಬಿದ್ದರೂ ಸುಲಭವಾಗಿ ಕೆಡದು. ಸಭೆಗಳಲ್ಲಿ ಕೈಯಲ್ಲಿ ಹಿಡಿಯುವ ಗುಂಡುತಲೆಯ ಮೈಕುಗಳು ಸಾಮಾನ್ಯವಾಗಿ ಈ ಜಾತಿಯವು. ಶೂರ್ ಎಂಬ ಅಮೆರಿಕದ ಕಂಪೆನಿಯವರು ೧೯೬೬ರಲ್ಲಿ ಹೊರತಂದ ಎಸ್‌ಎಂ ೫೮ ಎಂಬುದು ಇವುಗಳಲ್ಲಿ ಬಲು ಪ್ರಸಿದ್ಧವಾದುದು. ಕಂಡೆನ್ಸರ್ ಎಂಬುದರಲ್ಲಿ ಪೊರೆಯ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಲೋಹದ ತಗಡೊಂದಿದ್ದು, ಎರಡರ ನಡುವೆ ವಿದ್ಯುದಾವೇಶವಿರುತ್ತದೆ. ಅಮೆರಿಕದ ವೆಂಟೆ ಎಂಬವರು ೧೯೧೬ರಲ್ಲಿ ಇದನ್ನು ರೂಪಿಸಿದರು. ಪೊರೆಗೆ ಸುರುಳಿಯ ಭಾರವಿಲ್ಲದುದರಿಂದ ಇದು ಅತಿ ಸೂಕ್ಷ್ಮವಾದ ಶಬ್ದಕ್ಕೂ ಸ್ಪಂದಿಸುತ್ತದೆ. ಆದರೆ ಇದಕ್ಕೆ ವಿದ್ಯುತ್ತು ಬೇಕು. ದೊಡ್ಡ ಕಂಡೆನ್ಸರುಗಳಿಗೆ ೪೮ ವೋಲ್ಟಿನ 'ಫ್ಯಾಂಟಮ್' ವಿದ್ಯುತ್ತನ್ನು ಕೊಡುವ ಪೆಟ್ಟಿಗೆಯೊಂದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಪೇಟೆಯಲ್ಲಿ ಅನೇಕರು ಈ ಪೆಟ್ಟಿಗೆಯ ಖರ್ಚನ್ನು ಲೆಕ್ಕಕ್ಕೆ ತಾರದೆ ಮೈಕನ್ನು ಮಾತ್ರ ತಂದು ಪೇಚಾಡುವರು.

ಬೆಲ್ ಪ್ರಯೋಗಶಾಲೆಯಲ್ಲಿ ಸೆಸ್ಲರ್ ಮತ್ತು ವೆಸ್ಟ್ ಎಂಬಿಬ್ಬರು ೧೯೬೨ರಲ್ಲಿ ಆವೇಶವನ್ನು ಶಾಶ್ವತವಾಗಿ ಹಿಡಿದಿಡುವ ಪೊರೆಯಿಂದ ಎಲೆಕ್ಟ್ರೆಟ್ ಎಂಬ ಕಂಡೆನ್ಸರನ್ನು ಮಾಡಿ ತೋರಿಸಿದರು. ಕಡಲೆಕಾಳಿನ ಗಾತ್ರದ, ಅಲ್ಪಬೆಲೆಯ ಮೈಕು ಸಾಧ್ಯವಾದುದು ಇದರಿಂದಲೇ. ಸೆರಗಿಗೆ ಸಿಕ್ಕಿಸುವ ಕಾಲರ್ ಮೈಕಿನೊಳಗೆ ಇರುವುದು ಇದೇ. ರಿಬ್ಬನ್ ಎಂಬ ಇನ್ನೊಂದು ಜಾತಿಯುಂಟು. ಅದು ಬಹಳ ನಾಜೂಕು, ಮಕ್ಕಳಿರುವ ಮನೆಗೆ ಬೇಡ.

ಡೈನಾಮಿಕ್ ಮೈಕು ದೂರದ ಶಬ್ದವನ್ನು ತಾನೇ ತಳ್ಳಿಬಿಡುತ್ತದೆಂದು ಅಂಗಡಿಗಳಲ್ಲಿ ಹೇಳುವುದುಂಟು. ಇದು ಅರ್ಧಸತ್ಯ. ಅದರ ಸೂಕ್ಷ್ಮತೆಯು ಕಡಮೆಯಾದುದರಿಂದ ಬಾಯಿಗೆ ಹತ್ತಿರ ಹಿಡಿಯಲೇಬೇಕಾಗುತ್ತದೆ. ಹತ್ತಿರ ಹಿಡಿದುದರಿಂದ ಕೋಣೆಯ ಗದ್ದಲ ಕಡಮೆಯಾಗುತ್ತದೆ. ಅದೇ ಜಾಗದಲ್ಲಿ ಕಂಡೆನ್ಸರನ್ನಿಟ್ಟು ಮಟ್ಟವನ್ನು ಇಳಿಸಿದರೂ ಹೆಚ್ಚುಕಡಮೆ ಅದೇ ಫಲ. ಆದರೂ ಮನೆಯಲ್ಲಿ ಓದಿ ಮುದ್ರಿಸತಕ್ಕವರಿಗೆ ನಾವು ಡೈನಾಮಿಕ್ಕನ್ನೇ ಹೇಳುವೆವು. ಏಕೆಂದರೆ ಅದು ಬಳಸುವವರಿಗೆ ಸರಿಯಾದ ಅಭ್ಯಾಸವನ್ನು ಬಲವಂತವಾಗಿ ಕಲಿಸುತ್ತದೆ.

ಜಾತಿಗಿಂತಲೂ ಗಮನಿಸಬೇಕಾದುದು ದಿಕ್ಕಿನ ಗುಣ. ಕೆಲವು ಮೈಕುಗಳು ತೂಗುಹಾಕಿದ ಲಾಂದ್ರದ ಬೆಳಕಿನಂತೆ ಸುತ್ತಲೂ ಸಮವಾಗಿ ಕೇಳುತ್ತವೆ. ಕೆಲವು ಮುಂದಿನದನ್ನು ಚೆನ್ನಾಗಿಯೂ ಪಕ್ಕದ್ದನ್ನು ಸ್ವಲ್ಪವಾಗಿಯೂ ಕೇಳಿ ಹಿಂದಿನದನ್ನು ಬಿಟ್ಟುಬಿಡುತ್ತವೆ. ಇವುಗಳ ಶ್ರವಣಕ್ಷೇತ್ರವನ್ನು ಕಾಗದದ ಮೇಲೆ ಬರೆದರೆ ವೀಳ್ಯದೆಲೆಯ ಆಕಾರ ಬರುತ್ತದೆ; ತೊಟ್ಟಿನ ಕಡೆ ಮೈಕಿನ ಬೆನ್ನು. ಕಾರ್ಡಿಯಾಯ್ಡ್ ಎಂಬ ಹೆಸರು ಪೆಟ್ಟಿಗೆಯ ಮೇಲೆ ಇದ್ದರೆ ಅದು ಈ ವೀಳ್ಯದೆಲೆಯೆಂದು ತಿಳಿಯಿರಿ. ಇನ್ನು ಕೆಲವು ಡಮರುವಿನಂತೆ ಮುಂದೆ ಹಿಂದೆ ಎರಡು ಕಡೆಯೂ ಕೇಳಿ ಪಕ್ಕಗಳನ್ನು ಬಿಡುತ್ತವೆ. ವೀಳ್ಯದೆಲೆಯ ಮೈಕನ್ನು ಕೊಂಡವರು ಗದ್ದಲದ ಕಿಟಕಿಗೆ ಅದರ ಬೆನ್ನು ಬರುವಂತೆ ಇರಿಸತಕ್ಕದ್ದು. ತಲೆಯ ಜಾಲರಿಯನ್ನು ಮುಷ್ಟಿಯಿಂದ ಮುಚ್ಚಿ ಹಿಡಿಯಕೂಡದು. ಹಾಗೆ ಹಿಡಿದರೆ ದಿಕ್ಕಿನ ಗುಣವೇ ಹೋಗುತ್ತದೆ. ದೊಡ್ಡ ಕಂಡೆನ್ಸರುಗಳಲ್ಲಿ ಬಹುಪಾಲಿನವಕ್ಕೆ ತುದಿಯಿಂದಲ್ಲ, ಪಕ್ಕದಿಂದ ಮಾತನಾಡಬೇಕು. ಇದನ್ನು ತಿಳಿಯದೆ ತುದಿಗೆ ಬಾಯಿಟ್ಟು ಮಾತನಾಡಿ ಮೈಕನ್ನು ಹಳಿದವರು ಉಂಟು.

ವೀಳ್ಯದೆಲೆಯ ಮೈಕಿಗೆ ಬಹಳ ಹತ್ತಿರ ಬಂದರೆ ಧ್ವನಿಯ ಮಂದ್ರಭಾಗವು ಉಬ್ಬುತ್ತದೆ. ಕೃಶವಾದ ಧ್ವನಿಗೆ ಇದರಿಂದ ಸ್ವಲ್ಪ ತುಂಬು ಬರುವುದು. ಗಂಡಸರ ಭಾರವಾದ ಧ್ವನಿಯಾದರೆ ಗುಡಾಣದಲ್ಲಿ ಮಾತನಾಡಿದಂತಾಗುವುದು. ಸುತ್ತಲೂ ಕೇಳುವ ಮೈಕಿಗೆ ಈ ದೋಷವಿಲ್ಲ.

ಕನ್ನಡಕ್ಕೇ ಸೇರಿದ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ. ಯಂತ್ರದ ಜೊತೆಯಲ್ಲಿ ಬರುವ ಇಂಗ್ಲಿಷ್ ಪುಸ್ತಿಕೆಗಳಲ್ಲಿ ಇದು ಸಿಕ್ಕದು. ನಮ್ಮ ಭಾಷೆಯಲ್ಲಿ ಉಸಿರಿಗೂ ಅರ್ಥವುಂಟು. ದನಕ್ಕೂ ಧನಕ್ಕೂ ಇರುವ ಭೇದವೆಲ್ಲ ಒಂದು ಉಸಿರಿನದು. ಸಾಲು, ಶಾಲು ಎಂಬವುಗಳ ಭೇದವು ತೀಕ್ಷ್ಣವಾದ, ಮೇಲಿನ ಕಂಪನಗಳಲ್ಲಿರುತ್ತದೆ. ಹಳೆಯ ಟೆಲಿಫೋನು ಸೆಕೆಂಡಿಗೆ ೩೦೦ರಿಂದ ೩,೪೦೦ ಕಂಪನಗಳವರೆಗೆ ಮಾತ್ರ ಒಯ್ಯುತ್ತಿದ್ದುದರಿಂದಲೇ ಅದರಲ್ಲಿ ಸಕಾರ ಶಕಾರಗಳು ಕಲಸಿಹೋಗುತ್ತಿದ್ದುವು. ಕಿವಿಗೆ ಸಿಕ್ಕಿಸುವ ತಂತಿಯಿಲ್ಲದ ಬ್ಲೂಟೂತ್ ಸಾಧನಗಳಲ್ಲಿ ಕೇಳುವ ಭಾಗವು ಎಷ್ಟೇ ಸೊಗಸಾಗಿದ್ದರೂ, ಮಾತನಾಡುವ ಮಾರ್ಗವು ಬಹುಮಟ್ಟಿಗೆ ೪,೦೦೦ ಇಲ್ಲವೆ ೭,೦೦೦ ಕಂಪನಗಳ ಸುಮಾರಿಗೆ ನಿಂತುಹೋಗುತ್ತದೆ. ೨೦೨೦ರಲ್ಲಿ ಶಾಲೆಗಳು ಮುಚ್ಚಿ ಮನೆಮನೆಯಿಂದ ಪಾಠಗಳು ನಡೆದಾಗ, ಎಳೆಯ ಮಕ್ಕಳು ಶಕಾರವನ್ನು ಸಕಾರವಾಗಿ ಬರೆದ ಕಾಪಿಪುಸ್ತಕಗಳನ್ನು ನಾವು ರಾಶಿರಾಶಿಯಾಗಿ ತಿದ್ದಿದೆವು. ಎಲ್ಲವೂ ಮಕ್ಕಳ ತಪ್ಪಾಗಿರಲಿಲ್ಲ. ಆದ್ದರಿಂದ ಪಾಠ ಹೇಳತಕ್ಕವರು ತಂತಿಯುಳ್ಳ ಮೈಕನ್ನೇ ಉಪಯೋಗಿಸಬೇಕೆಂದು ನಮ್ಮ ಖಂಡಿತವಾದ ಅಭಿಪ್ರಾಯ. ಕಿವಿಯಿಂದ ಬಾಯಿಯ ಪಕ್ಕಕ್ಕೆ ಕಡ್ಡಿಯಂತೆ ಚಾಚಿರುವ ತಂತಿಯ ಹೆಡ್‌ಸೆಟ್ಟು ನೋಟಕ್ಕೆ ಚೆನ್ನಾಗಿಲ್ಲದಿದ್ದರೂ ಪಾಠಕ್ಕೆ ಬಹಳ ಒಳ್ಳೆಯದು. ತಲೆಯನ್ನು ಯಾವ ಕಡೆಗೆ ತಿರುಗಿಸಿದರೂ ಮೈಕು ಬಾಯಿಯನ್ನು ಬಿಟ್ಟುಹೋಗದು.

ಪಕಾರ ಬಕಾರಗಳನ್ನೂ ಅವುಗಳ ಮಹಾಪ್ರಾಣಗಳನ್ನೂ ನುಡಿಯುವಾಗ ಬಾಯಿಂದ ಹೊರಡುವ ಗಾಳಿಯು ಪೊರೆಗೆ ನೇರವಾಗಿ ಬಡಿದರೆ 'ಧಬ್' ಎಂಬ ಸದ್ದಾಗುತ್ತದೆ. ಮೈಕನ್ನು ಬಾಯಿಗೆ ಎದುರಾಗಿ ಹಿಡಿಯದೆ ತುಟಿಯ ಕೊನೆಗೆ ಓರೆಯಾಗಿ ಹಿಡಿದರೆ ಇದು ಬಹುಪಾಲು ತಪ್ಪುವುದು. ಉಳಿದುದಕ್ಕೆ ಹೊಲಿಗೆಯ ತರಗತಿಯಲ್ಲಿ ಬಳಸಿದ ಕಸೂತಿಯ ಬಳೆಗೆ ತೆಳುವಾದ ನೈಲಾನ್ ಬಟ್ಟೆಯನ್ನು ಬಿಗಿದು, ಬಾಯಿಗೂ ಮೈಕಿಗೂ ನಡುವೆ ನಿಲ್ಲಿಸಿದರೆ ಸಾಕು. ಅಂಗಡಿಯಲ್ಲಿ ಮಾರುವ ಪಾಪ್ ಫಿಲ್ಟರಿನಲ್ಲಿರುವುದೂ ಇಷ್ಟೇ.

ಮೊಬೈಲಿನ ವಿಚಾರದಲ್ಲಿಯೂ ಎಚ್ಚರವಿರಬೇಕು. ಅದರೊಳಗಿನ ಚಿಕ್ಕ ಮೈಕು ಈಗ ಕೀಳಲ್ಲ. ಗೇಣುದೂರದಲ್ಲಿ ಹಿಡಿದ ಮೊಬೈಲು ಮಾರುದೂರದಲ್ಲಿಟ್ಟ ದುಬಾರಿ ಮೈಕಿಗಿಂತ ಉತ್ತಮ. ಆದರೆ ಕರೆಗಳಲ್ಲಿ ಗದ್ದಲವನ್ನು ತೆಗೆಯುವ ಉಪಾಯವೊಂದು ಅದರಲ್ಲಿ ತಾನಾಗಿ ನಡೆಯುತ್ತಿರುತ್ತದೆ. ಒಂದೇ ಸಮನಾಗಿ ಬರುವ ಶಬ್ದವೆಲ್ಲ ಅದಕ್ಕೆ ಗದ್ದಲವೇ. ಶ್ರುತಿಪೆಟ್ಟಿಗೆಯನ್ನು ಹಿಡಿದು ಸಂಗೀತಪಾಠ ಹೇಳುವವರ ಶ್ರುತಿಯನ್ನು ಅದು ನುಂಗಿಬಿಡುವುದು. ಜೂಮ್ ಮೊದಲಾದವುಗಳಲ್ಲಿ ಮೂಲಧ್ವನಿಯನ್ನು ಹಾಗೆಯೇ ಕಳುಹಿಸುವ ಏರ್ಪಾಡುಂಟು. ಸಂಗೀತ ಹೇಳತಕ್ಕವರು ಅದನ್ನು ಹುಡುಕಿ ಹಾಕಿಕೊಳ್ಳಬೇಕು.

ಒಳ್ಳೆಯ ಧ್ವನಿಯು ದೊಡ್ಡ ಸ್ಟುಡಿಯೋಗಳಿಂದ ಮಾತ್ರ ಬರತಕ್ಕದ್ದೆಂದು ಯಾರೂ ಅಧೈರ್ಯಪಡಬೇಕಾಗಿಲ್ಲ. ೧೯೩೫ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 'ವಿಟ್ಠಲ ವಿಹಾರ'ವೆಂಬ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದರ ಪ್ರೇಷಕಯಂತ್ರದ ಶಕ್ತಿ ಮೊದಲು ೩೦ ವಾಟ್, ಒಂದು ವಿದ್ಯುದ್ದೀಪದಷ್ಟು. ಆಕಾಶವಾಣಿ ಎಂಬ ಹೆಸರನ್ನು ಹೊತ್ತು ಕನ್ನಡದ ಮಾತೂ ಸಂಗೀತವೂ ಹೊರಟುದು ಆ ಮನೆಯಿಂದ.

ಈಗ ತಾಯಂದಿರ ಹಾಡುಗಳಿಗೆ ಮರಳೋಣ. ನಮಗೆ ಅತ್ಯಂತ ಅವಸರವೆಂದು ತೋರುವುದು ಇದೇ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿ ೧೯೯೪ರಲ್ಲಿ ತೆರೆದ ಜಾನಪದ ಲೋಕದಲ್ಲಿ ಅನೇಕ ಕಲಾವಿದರ ಹಾಡುಗಳು ಮುದ್ರಿತವಾಗಿ ಉಳಿದಿವೆ. ಆದರೆ ನಿಮ್ಮ ಅಜ್ಜಿಯು ರಾಗಿ ಬೀಸುತ್ತ ಕಲಿತ ಪದ, ನಿಮ್ಮ ಸೋದರತ್ತೆಯು ಹಸೆಗೆ ಕರೆಯುವಾಗ ಹೇಳಿದ ಸೋಬಾನೆ ಅಲ್ಲಿರುವುದೆಂದು ನೆಚ್ಚುವಂತಿಲ್ಲ. ಅವನ್ನು ಹಿಡಿಯತಕ್ಕವರು ಮನೆಯವರೇ.

ವೃದ್ಧೆಯರ ಎದುರಿಗೆ ದೊಡ್ಡ ಮೈಕನ್ನು ನಿಲ್ಲಿಸಿದರೆ ಬಾಯಿ ಕಟ್ಟಿಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗೋಡೆಗೆ ಒರಗಿ ಮೈಕಿನಿಂದ ದೂರವಾಗುತ್ತಾರೆ. ಆದುದರಿಂದ ಇವರಿಗೆ ತಂತಿಯುಳ್ಳ ಕಾಲರ್ ಮೈಕೇ ಸರಿ. ಇದು ಸುತ್ತಲೂ ಕೇಳುವ ಜಾತಿಯದಾಗಿದ್ದರೆ ತಲೆಯನ್ನು ತಿರುಗಿಸಿದರೂ ಬಾಧಕವಿಲ್ಲ. ಗಲ್ಲದಿಂದ ಒಂದು ಗೇಣು ಕೆಳಗೆ ಸೆರಗಿನ ಮಡಿಕೆಗೆ ಸಿಕ್ಕಿಸಬೇಕು. ಕೊರಳ ಸರವು ಅದಕ್ಕೆ ತಗುಲದಿರಲಿ. ಸರವು ಒಮ್ಮೆ ಉಜ್ಜಿದರೆ ಮುದ್ರಣದಲ್ಲಿ ಕಲ್ಲು ಉರುಳಿದಂತೆ ಕೇಳಿಸುವುದು. ಗಾಜಿನ ಬಳೆಗಳನ್ನು ತೆಗೆಸಬೇಕೆಂದು ಕೆಲವರು ಹೇಳುವರು. ಹಿರಿಯರನ್ನು ಹಾಗೆ ಕೇಳುವುದು ಸರಿಯಲ್ಲ. ಮಡಿಲಲ್ಲಿ ಒಂದು ಮಡಿಸಿದ ಶಾಲನ್ನಿಟ್ಟು ಕೈಗಳನ್ನು ಅದರ ಮೇಲಿರಿಸಿಕೊಳ್ಳುವಂತೆ ಹೇಳಿದರೆ ಸಾಕು. ಕೊಳ್ಳುವಾಗ ತುದಿಯ ಕಡ್ಡಿಯನ್ನು ನೋಡಿರಿ: ಅದರಲ್ಲಿ ಮೂರು ಗೆರೆಗಳಿದ್ದರೆ ಮೊಬೈಲಿಗೆ, ಎರಡಿದ್ದರೆ ಕ್ಯಾಮರಾಕ್ಕೆ. ಈಗಿನ ಅನೇಕ ಮೊಬೈಲುಗಳಲ್ಲಿ ಆ ರಂಧ್ರವೇ ಇಲ್ಲದುದರಿಂದ ಚಾರ್ಜರಿನ ಜಾಗಕ್ಕೆ ಹೊಂದುವ ಮೈಕನ್ನು ಕೇಳಿ ತರಬೇಕು.

ಸೋಬಾನೆಯಂತೆ ಒಬ್ಬರು ಹೇಳಿ ಉಳಿದವರು ದನಿಗೂಡಿಸುವ ಹಾಡಾದರೆ ಒಬ್ಬೊಬ್ಬರಿಗೂ ಒಂದೊಂದು ಮೈಕನ್ನು ಕೊಳ್ಳುವ ಗೊಡವೆ ಬೇಡ. ಎರಡು ಚಿಕ್ಕ ಮೈಕುಗಳನ್ನು ತಲೆಯಲ್ಲಿಟ್ಟುಕೊಂಡ, ಅಂಗೈಯಗಲದ ಧ್ವನಿಮುದ್ರಕಗಳು ದೊರೆಯುತ್ತವೆ. ಹಾಡುವವರನ್ನು ಅರ್ಧವೃತ್ತವಾಗಿ ಒತ್ತಾಗಿ ಕೂರಿಸಿ, ಮೊದಲು ಹೇಳುವವರಿಗೆ ಸ್ವಲ್ಪ ಹತ್ತಿರವಾಗಿ ಒಂದನ್ನು ಇರಿಸಿದರೆ ಹಾಡು ಹಾಡಾಗಿಯೇ ಉಳಿಯುವುದು.

ಕಂಡೆನ್ಸರಿಗೆ ಮನೆಯಲ್ಲಿ ಕೆಲಸವೇ ಇಲ್ಲವೆಂದಲ್ಲ. ವೀಣೆಯ ಮೀಟಿನ ನವಿರನ್ನು ಹಿಡಿಯುವುದರಲ್ಲಿ ಡೈನಾಮಿಕ್ಕು ಅದಕ್ಕೆ ಸಮನಾಗದು. ಇನ್ನೊಂದು ಉದಾಹರಣೆಯು ನಮ್ಮ ಸೀಮೆಯದೇ. ರೇಷ್ಮೆಹುಳುಗಳು ಕಡೆಯ ಜ್ವರದಿಂದ ಎದ್ದ ಮೇಲೆ ಹಿಪ್ಪುನೇರಳೆ ಸೊಪ್ಪನ್ನು ಮೇಯುವಾಗ ತಟ್ಟೆಯಿಂದ ಎಲೆಗಳ ಮೇಲೆ ಸೋನೆಮಳೆ ಬಿದ್ದಂತಹ ಸದ್ದು ಬರುತ್ತದೆ. ವಿಜ್ಞಾನದ ಪಾಠಕ್ಕಾಗಿ ಅದನ್ನು ಮುದ್ರಿಸಬೇಕಾದರೆ ತನ್ನದೇ ಆದ ಗುಂಯ್‌ಗುಟ್ಟುವಿಕೆ ಅತಿ ಕಡಮೆಯಿರುವ ಕಂಡೆನ್ಸರೇ ಬೇಕು. ಆದರೆ ಆ ಸೂಕ್ಷ್ಮತೆಯು ಗುಣವಾಗುವುದು ನಿಶ್ಶಬ್ದವಾದ ಕೋಣೆಯಲ್ಲಿ ಮಾತ್ರ. ಅಂತಹ ಕೋಣೆಯು ಮೊದಲು, ಮೈಕು ಆ ಮೇಲೆ.

ಕೋಣೆಯನ್ನು ಮೆದುಮಾಡುವುದಕ್ಕೆ ಹಣ ಬೇಕಾಗಿಲ್ಲ. ನೆಲಕ್ಕೆ ಜಮಖಾನ, ಎದುರು ಗೋಡೆಗೆ ಹಗ್ಗ ಕಟ್ಟಿ ಎರಡು ರಜಾಯಿ, ಪಕ್ಕದಲ್ಲಿ ಹಾಸಿಗೆಯ ಸುರುಳಿ. ಇಷ್ಟರಿಂದಲೇ ಮಾರ್ದನಿಯ ಹೆಚ್ಚಿನ ಪಾಲು ಅಡಗುತ್ತದೆ. ಮಾತಿನ ಮುದ್ರಣಕ್ಕೆ ಬಟ್ಟೆಗಳಿಂದ ತುಂಬಿದ ಬೀರುವಿನ ಬಾಗಿಲನ್ನು ತೆರೆದು ಅದರ ಮುಂದೆ ಕೂಡುವುದು ಒಳ್ಳೆಯದು. ಫ್ಯಾನನ್ನು ನಿಲ್ಲಿಸಿರಿ. ಗದ್ದಲವಿಲ್ಲದ ಹೊತ್ತೆಂದರೆ ನಸುಕು, ಇಲ್ಲವೆ ಮಧ್ಯಾಹ್ನದ ಊಟವಾದ ಮೇಲಿನ ಒಂದು ಗಂಟೆ. ವಿದ್ಯುತ್ತು ಹೋದ ಹೊತ್ತು ಎಲ್ಲಕ್ಕಿಂತ ಮೇಲು. ಊರಿನ ಯಂತ್ರಗಳೆಲ್ಲ ಆಗ ಮೌನವಾಗಿರುತ್ತವೆ, ಮೊಬೈಲಿಗೆ ಬ್ಯಾಟರಿಯಿದ್ದೇ ಇರುತ್ತದೆ.

ಕೊಳ್ಳುವ ಮುನ್ನ ಪರೀಕ್ಷಿಸುವುದಕ್ಕೆ ಒಂದು ಉಪಾಯವನ್ನು ಹೇಳುವೆವು. ಒಂದು ಚೀಟಿಯಲ್ಲಿ ಹಾಲು ಹಾಳು, ಕಲೆ ಕಳೆ, ದನ ಧನ, ಸಾಲು ಶಾಲು, ಮನೆ ಮಣೆ ಎಂಬ ಜೋಡಿಗಳನ್ನು ಬರೆದುಕೊಂಡು ಹೋಗಿರಿ. ಗೇಣುದೂರದಿಂದ ಒಮ್ಮೆ, ಮೊಳದೂರದಿಂದ ಒಮ್ಮೆ, ಜೋಡಿಗಳ ಕ್ರಮವನ್ನು ಹಿಂದುಮುಂದು ಮಾಡಿ ಓದಿ ಮುದ್ರಿಸಿರಿ. ಚೀಟಿಯನ್ನು ನೋಡದ ಇನ್ನೊಬ್ಬರಿಗೆ ಅದನ್ನು ಕೇಳಿಸಿ ಬರೆಯಹೇಳಿರಿ. ಗೇಣುದೂರದ ಮುದ್ರಣದಲ್ಲಿ ಅವರು ತಪ್ಪಿಲ್ಲದೆ ಬರೆದರೆ ಆ ಮೈಕನ್ನು ಕೊಳ್ಳಬಹುದು. ಅಂಗಡಿಯವನು ಒಪ್ಪದಿದ್ದರೆ, ಹಿಂದಿರುಗಿಸಲು ಅವಕಾಶವಿರುವ ಕಡೆ ಕೊಂಡು ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬೇಕು. ನಿಜವಾಗಿ ಅದು ಇನ್ನೂ ಉತ್ತಮ. ಮೈಕು ಕೇಳಬೇಕಾದುದು ನಿಮ್ಮ ಕೋಣೆಯನ್ನು, ಅಂಗಡಿಯನ್ನಲ್ಲ.

ಮುದ್ರಿಸುವಾಗ ಮಟ್ಟದ ಸೂಚಿಯು ಅತಿ ಎತ್ತರದ ಧ್ವನಿಗೂ ಸೊನ್ನೆಯಿಂದ ಹನ್ನೆರಡು ಡೆಸಿಬೆಲ್ ಕೆಳಗೆಯೇ ಇರಲಿ. ಸೊನ್ನೆಯನ್ನು ಮುಟ್ಟಿ ಒಡೆದ ಧ್ವನಿಯನ್ನು ಆ ಮೇಲೆ ಸರಿಪಡಿಸಲಾಗದು. ಮೊದಲ ಐದು ನಿಮಿಷಗಳಾದ ಕೂಡಲೆ ನಿಲ್ಲಿಸಿ ಕೇಳಿ ನೋಡತಕ್ಕದ್ದು. ಆರಂಭದಲ್ಲಿ ಹಾಡುವವರ ಹೆಸರು, ಊರು, ದಿನಾಂಕ, ಹಾಡನ್ನು ಯಾರಿಂದ ಕಲಿತರೆಂಬುದು ಇಷ್ಟನ್ನು ಬಾಯಲ್ಲಿಯೇ ಹೇಳಿಸಬೇಕು. ಕಡತದ ಹೆಸರು ಅಳಿದರೂ ಇದು ಉಳಿಯುವುದು. ಮೂಲವನ್ನು ಕುಗ್ಗಿಸದೆ ವೇವ್ ಎಂಬ ರೂಪದಲ್ಲಿಯೇ ಇಟ್ಟುಕೊಳ್ಳಿರಿ. ಸೆಕೆಂಡಿಗೆ ೪೮,೦೦೦ ಮಾದರಿಗಳು, ೨೪ ಬಿಟ್ಟುಗಳಂತೆ ಒಂದು ಮೈಕಿನ ಧ್ವನಿಯು ಗಂಟೆಗೆ ಸುಮಾರು ೫೨೦ ಮೆಗಾಬೈಟುಗಳನ್ನು ಆಕ್ರಮಿಸುತ್ತದೆ. ವಾಟ್ಸ್ಯಾಪಿನಲ್ಲಿ ಕಳುಹಿಸಿದ್ದೇ ಸಾಕೆಂದು ಮೂಲವನ್ನು ಅಳಿಸಕೂಡದು. ಒಂದು ಪ್ರತಿಯು ನಿಮ್ಮಲ್ಲಿಯೂ, ಇನ್ನೊಂದು ಬೇರೆ ಊರಿನ ತಂಗಿಯ ಮನೆಯಲ್ಲಿಯೂ ಇರಲಿ.